ಕುದುರೆ ಸವಾರನ ಮುಚ್ಚಳ

ನಮ್ಮ ಬೀದಿಯಲ್ಲಿ ಯಾರ ಮನೆಯ ಪಾತ್ರೆಯೂ ಖಾಲಿಯಾಗಿ ವಾಪಸ್ಸು ಹೋಗುವುದಿಲ್ಲ. ಹಬ್ಬದ ಅಡುಗೆ ಬಂದ ಡಬರಿಯನ್ನು ತೊಳೆದು, ಒರೆಸಿ, ಅದರೊಳಗೆ ನಮ್ಮ ಮನೆಯದು ಏನಾದರೂ ಹಾಕಿಯೇ ಕೊಡಬೇಕು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಹಾಕಿದರೂ ನಡೆಯುತ್ತದೆ ಅನ್ನುತ್ತಾರೆ. ಆದರೆ ಸಕ್ಕರೆ ಹಾಕಿ ಕೊಡುವುದೆಂದರೆ ನಮ್ಮ ಒಲೆ ಹೊತ್ತಿಲ್ಲ ಎಂದು ಊರಿಗೆ ಹೇಳಿದ ಹಾಗೆ, ಆದ್ದರಿಂದ ಯಾರೂ ಹಾಕುವುದಿಲ್ಲ. ಒಳ್ಳೆಯದೊಂದು ಮಾಡುವ ತನಕ ಪಾತ್ರೆ ನಮ್ಮಲ್ಲೇ ಕೂತಿರುತ್ತದೆ. ಕೊಟ್ಟವರು ಕೇಳುವುದೂ ಇಲ್ಲ. ಕೇಳಿದರೆ ತಿಂಡಿಗೆ ಬಾಯಿಬಿಟ್ಟ ಹಾಗಾಗುತ್ತದಲ್ಲ! ಈ ನೇಮದಿಂದ ಇಷ್ಟು ವರ್ಷ ನನಗೇನೂ ತೊಂದರೆಯಾಗಿರಲಿಲ್ಲ. ಈ ಸಲದ ರಂಜಾನ್ ಹಬ್ಬದಿಂದೀಚೆಗೆ ಮಾತ್ರ, ಇದನ್ನು ಮೊದಲು ಶುರು ಮಾಡಿದ ಪುಣ್ಯಾತ್ಗಿತ್ತಿ ಯಾರು, ಅವಳ ಮನೆ ಎಲ್ಲಿದೆ, ಹೋಗಿ ಎರಡು ಮಾತು ಕೇಳಿ ಬರೋಣ ಅನ್ನುವಷ್ಟು ರೋಸಿಹೋದೆ.

ಎದುರು ಮನೆ ನಾನಿಯದು. ಅವರ ಮೊಮ್ಮಕ್ಕಳು ನಾನಿ ಅನ್ನುತ್ತಿದ್ದರು, ಬೀದಿಯವರೆಲ್ಲ ಹಾಗೇ ಅನ್ನತೊಡಗಿದೆವು. ನಮ್ಮ ಶಿರಾದಲ್ಲಿ ರಸ್ತೆ ಅಗಲ ಮಾಡುವಾಗ ಅವರ ಸಾಲಿನ ಮನೆಗಳಿಗೆಲ್ಲ ಮುಂಭಾಗ ಹೋಯಿತು. ನಾನಿಯ ಮನೆಯ ಬಾಗಿಲ ಪಕ್ಕದ ಹಳೆಯ ಗಾರೆ ಗೋಡೆಯಲ್ಲಿ ಒಂದು ಪಿಂಗಾಣಿ ಬಿಲ್ಲೆ ಕೂರಿಸಿದ್ದರು. ಗೋಡೆ ಬೀಳಿಸುವ ಮುಂಚೆ ಅವರ ಮಗ ಅದನ್ನು ಉಳಿಯಿಂದ ಬಿಡಿಸಿ ಇಟ್ಟುಕೊಂಡ.

ಆ ಬಿಲ್ಲೆಯನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಗೇಣಗಲದ ಚೌಕ, ಕೈಯಲ್ಲಿ ಹಿಡಿದರೆ ಒಳ್ಳೆ ಭಾರ. ಕಡುನೀಲಿಯ ಮೇಲೆ ಒಂದು ಬಿಳಿ ಕುದುರೆ, ಅದರ ಮೇಲೆ ಹಸಿರು ಅಂಗಿಯ ಸವಾರ, ಸುತ್ತ ತಿಳಿಗೆಂಪಿನ ಗುಲಾಬಿ ಹೂವು. ಚಿತ್ರ ಉಬ್ಬಿಕೊಂಡಿದೆ. ಕಣ್ಣುಮುಚ್ಚಿ ಬೆರಳಾಡಿಸಿದರೂ ಕುದುರೆಯ ಕತ್ತು ಕೈಗೆ ಸಿಗುತ್ತದೆ. ಒಂದು ಮೂಲೆ ಮುಕ್ಕಾಗಿದೆ. ಹೊಳಪಿನ ಮೇಲೆಲ್ಲ ಕೂದಲೆಳೆಯಂಥ ಬಿರುಕು. ನಾನಿಯ ಗಂಡನ ಕಡೆಯ ಯಾರೋ ಹಿರಿಯರು ಕುದುರೆ ವ್ಯಾಪಾರಕ್ಕೆಂದು ಈ ಕಡೆ ಬಂದವರು ಇರಾನಿನಿಂದ ತಂದದ್ದಂತೆ. ಕುದುರೆಗಳೆಲ್ಲ ಮಾರಿಹೋದವು, ಇದೊಂದು ಮಾತ್ರ ಉಳಿಯಿತು ಎಂದು ನಾನಿ ನಗುತ್ತಾರೆ. ಒಮ್ಮೆ ಕಾಲೇಜಿನ ಮೇಷ್ಟರೊಬ್ಬರು ಬಂದು ಫೋಟೋ ಹಿಡಿದುಕೊಂಡು, "ಇದು ಪರ್ಷಿಯಾದ್ದೇ, ಬಹಳ ಹಳೇದು, ಒದ್ದೆ ಕೈಯಲ್ಲಿ ಮುಟ್ಟಬೇಡಿ" ಎಂದು ಹೇಳಿದರು. ನಾನಿ "ಹೌದಾ ಬೇಟಾ, ಚಾ ಕುಡಿ" ಎನ್ನುತ್ತ, ಹಾಲಿನ ಪಾತ್ರೆಯ ಮೇಲಿದ್ದ ಅದೇ ಬಿಲ್ಲೆಯನ್ನು ಎತ್ತಿ ಪಕ್ಕಕ್ಕಿಟ್ಟು ಅವರಿಗೆ ಚಹಾ ಮಾಡಿದರು.

ಹೌದು, ಹಾಲಿನ ಪಾತ್ರೆಯ ಮೇಲೆ. ಗೋಡೆಯಿಂದ ಇಳಿದ ಮೇಲೆ ಅದು ಅಡುಗೆಮನೆ ಸೇರಿತ್ತು. ನಮ್ಮ ಬೀದಿಯ ಬೆಕ್ಕುಗಳು ಸ್ಟೀಲ್ ತಟ್ಟೆಯನ್ನು ಮೂತಿಯಿಂದ ತಳ್ಳಿ ಹಾಲು ಕುಡಿಯುತ್ತವೆ. ಈ ಬಿಲ್ಲೆಯನ್ನು ತಳ್ಳುವ ಬೆಕ್ಕು ಇನ್ನೂ ಹುಟ್ಟಿಲ್ಲ. "ಬೀರುವಿನಲ್ಲಿ ಇಟ್ರೆ ಮರ್ತು ಹೋಗ್ತದೆ ಬೇಟಿ, ಹಾಲಿನ ಮೇಲಿದ್ರೆ ದಿನಾ ಕಣ್ಣಿಗೆ ಬೀಳ್ತದೆ" ಎಂದು ನಾನಿ ಹೇಳುತ್ತಿದ್ದರು. ಹೊಸ ಗೋಡೆ ಎದ್ದಾಗ ಬಾಗಿಲ ಪಕ್ಕದಲ್ಲಿ ಬಿಲ್ಲೆಯ ಅಳತೆಗೆ ಸರಿಯಾಗಿ ಒಂದು ಚೌಕ ಕಿಂಡಿ ಬಿಡಿಸಿದ್ದರು. ಗಿಲಾವು ಹಾಕುವ ದಿನ ಸವಾರ ಮತ್ತೆ ಬಾಗಿಲಿಗೆ ಬರಬೇಕು. ಅವರ ಅತ್ತೆ, ಅವರ ಅತ್ತೆಯ ಅತ್ತೆ ಎಲ್ಲರೂ ಅವನನ್ನು ನೋಡಿಕೊಂಡೇ ಹೊಸಿಲು ದಾಟಿದವರು. ನಾನಿಗೆ ಇದ್ದದ್ದು ಅದೊಂದೇ ಆಸೆ.

ರಂಜಾನ್ ಹಬ್ಬದ ದಿನ ನಮ್ಮ ಮನೆಗೆ ಶೀರ್ ಖುರ್ಮಾ ಬಂತು, ಸ್ಟೀಲ್ ಡಬರಿಯಲ್ಲಿ. ಬೆಕ್ಕಿನ ಭಯಕ್ಕೆ ಮೇಲೆ ಬಿಲ್ಲೆ. ಯುಗಾದಿಯ ಒಬ್ಬಟ್ಟನ್ನು ನಾನು ಅವರಿಗೆ ಆಗಲೇ ಕೊಟ್ಟಾಗಿತ್ತು, ಮತ್ತೆ ಅದನ್ನೇ ಕೊಡುವುದು ಹೇಗೆ? ಸಜ್ಜಪ್ಪ ಮಾಡಿ ಡಬರಿ ತುಂಬಿಸಿ ಕೊಡೋಣ ಅಂದುಕೊಂಡು ರವೆ ನೆನೆಸುವ ಹೊತ್ತಿಗೆ ಹುಲಿಕುಂಟೆಯಿಂದ ಫೋನು. ನಮ್ಮ ಯಜಮಾನರ ದೊಡ್ಡಪ್ಪ ಹೋಗಿಬಿಟ್ಟಿದ್ದರು. ಸೂತಕದ ಮನೆಯಿಂದ ಸಿಹಿ ಕಳಿಸುವ ಹಾಗಿಲ್ಲ. ಡಬರಿ, ಬಿಲ್ಲೆ ಎರಡನ್ನೂ ತೊಳೆದು ಅಟ್ಟಣಿಗೆಯ ಮೇಲಿಟ್ಟೆ. ತಿಥಿ ಮುಗಿದ ಮೇಲೆ ಒಂದು ದಿನ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು, ಬೆರಳಚ್ಚು ಬೀಳದ ಯಂತ್ರದೊಂದಿಗೆ ಹೆಣಗಿ ಮನೆಗೆ ಬರುತ್ತೇನೆ, ಅಟ್ಟಣಿಗೆ ಬೋಳು.

"ಅತ್ತೆ, ನಾನಿ ಡಬರಿ ಎಲ್ಲಿ?"

"ನನ್ನ ಮಗಳು ಬಂದಿದ್ಲಲ್ಲ, ಉಪ್ಪಿನಕಾಯಿ ಹಾಕಿ ಕೊಟ್ಬುಟ್ಟೆ" ಎಂದರು ನಮ್ಮತ್ತೆ, ಎಲೆ ಅಡಿಕೆ ಮೆಲ್ಲುತ್ತ. ಅವರ ಮಗಳು, ಎಂದರೆ ನನ್ನ ನಾದಿನಿ, ಮಧುಗಿರಿಯಲ್ಲಿದ್ದಾಳೆ.

"ಮೇಲಿನ ಬಿಲ್ಲೆ?"

"ಅದಿಲ್ದೆ ಹೆಂಗೆ? ಬಸ್ಸು ಕುಲುಕಾಡಿ ಎಣ್ಣೆ ಚೆಲ್ಲಲ್ವಾ? ಒಳ್ಳೆ ಭಾರವಾಗೈತೆ, ಗಮ್ಮಂತ ಕೂತ್ಕಂತದೆ ಕಣಮ್ಮ. ಅಂಗೇ ಒಂದು ಟವಲ್ ಸುತ್ತಿ ಗಂಟು ಹಾಕ್ದೆ."

"ಅದು ಮುಚ್ಚಳ ಅಲ್ಲ ಅತ್ತೆ!"

"ಮುಚ್ಚಿತ್ತಲ್ಲ? ಮುಚ್ಚಿದ್ರೆ ಮುಚ್ಚಳ."

ರಾಗಿ ಚೀಲವನ್ನು ಇಳಿಸಿ ನಾದಿನಿಗೆ ಫೋನ್ ಮಾಡಿದೆ. ಆಕೆಗೆ ನನ್ನ ಆತುರವೇ ಅರ್ಥವಾಗಲಿಲ್ಲ.

"ತವರುಮನೆ ಡಬರಿನ ಖಾಲಿ ಕಳಿಸ್ಲಾ ಅತ್ತಿಗೆ? ಅಮ್ಮ ನನ್ನ ಏನಂದ್ಕಂತಾಳೆ?"

"ಡಬರಿ ನಮ್ಮದಲ್ಲ ಕಣಮ್ಮ, ಎದುರು ಮನೆ ನಾನೀದು."

"ಯಾರದಾದ್ರೇನು, ಬಂದಿದ್ದು ನಿಮ್ಮನೆಯಿಂದ ತಾನೆ? ಒಳ್ಳೆ ಹುರಿಟ್ಟು ತಂಬಿಟ್ಟು ಮಾಡಿ ಕಳಿಸ್ತೀನಿ ಬುಡಿ. ಮುಚ್ಚಳ ಮಾತ್ರ ಏನ್ ಚೆಂದ ಅತ್ತಿಗೆ! ಎಲ್ಲಿ ಸಿಗ್ತದೆ ಇಂಥದು? ನಮ್ಮ ಸಂತೇಲಿ ಕೇಳ್ದೆ, ಇಲ್ವಂತೆ."

ತಂಬಿಟ್ಟಿಗೆ ಅಕ್ಕಿ ಹುರಿಯಬೇಕು, ಬೀಸಬೇಕು. ಒಂದು ದಿನ ಮಿಲ್ಲು ಕೆಟ್ಟಿತ್ತಂತೆ. ಇನ್ನೊಂದು ದಿನ ಬೆಲ್ಲ ಸರಿಯಿರಲಿಲ್ಲವಂತೆ. ಹೋಗಲಿ, ನಾನೇ ಬಂದು ಒಯ್ಯುತ್ತೇನೆ ಎಂದರೆ ಆಕೆಗೆ ಕೋಪ. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಅತ್ತಿಗೆ? ನಾನೇನು ಮುಚ್ಚಳ ತಿಂದ್ಬುಡ್ತೀನಾ?" ಎಂದು ಫೋನಿನಲ್ಲೇ ಮೂಗು ಎಳೆದಳು. ನಾನು ಸುಮ್ಮನಾದೆ. ನನ್ನ ದೊಡ್ಡ ಗುಣವೇ ಸುಮ್ಮನಾಗುವುದು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೊಗಳುತ್ತಾರೆ. ಹೊಗಳಿಕೊಂಡೇ ಎಲ್ಲವನ್ನೂ ನನ್ನ ತಲೆಗೆ ಕಟ್ಟುತ್ತಾರೆ.

ಅಷ್ಟರಲ್ಲಿ ಎದುರು ಮನೆಯ ಕೆಲಸ ಸಾಗುತ್ತಲೇ ಇತ್ತು. ಬಾಗಿಲು ಕೂತಿತು, ಕಿಟಕಿ ಕೂತಿತು. ಬಾಗಿಲ ಪಕ್ಕದ ಕಿಂಡಿ ಮಾತ್ರ ಹಾಗೇ ಬಾಯಿ ತೆರೆದುಕೊಂಡಿತ್ತು. ಬೆಳಿಗ್ಗೆ ನಾನು ನೀರು ಚಿಮುಕಿಸಿ ರಂಗೋಲಿ ಹಾಕಲು ಕೂತರೆ, ಆ ಕಿಂಡಿಯಲ್ಲಿ ನಾನಿಯ ಕನ್ನಡಕ ಕಾಣುತ್ತಿತ್ತು. ಒಳಗೆ ಕುರ್ಚಿ ಹಾಕಿಕೊಂಡು ತಸ್ಬಿ ಮಣಿ ಎಣಿಸುತ್ತ ಬೀದಿ ನೋಡುತ್ತಿದ್ದರು.

"ತಿಂಡಿ ಏನು ಬೇಟಿ ಇವತ್ತು?"

"ಚಿತ್ರಾನ್ನ ನಾನಿ."

"ನಿಂಬೆಹಣ್ಣು ಬೇಕಾದ್ರೆ ಇಸ್ಕೋ, ನಮ್ಮಲ್ಲಿದೆ."

ಬಿಲ್ಲೆಯ ಮಾತು ಒಂದು ದಿನವೂ ಎತ್ತಲಿಲ್ಲ. ನಾನು ಬೇಕೆಂದೇ, "ನಾನಿ, ನಿಮ್ಮ ಡಬರಿ..." ಎಂದು ಶುರು ಮಾಡಿದರೆ, "ಡಬರಿಗೇನು ಅವಸರ? ಮನೆ ತುಂಬ ಪಾತ್ರೆ ಬಿದ್ದಿದೆ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಒಂದು ದಿನ ಮಾತ್ರ, "ಈ ಕಿಂಡಿಯಿಂದ ಗಾಳಿ ಚೆನ್ನಾಗಿ ಬರ್ತದೆ ಕಣಮ್ಮ" ಎಂದರು. ಆ ದಿನ ನನಗೆ ಚುಕ್ಕಿಗಳ ಲೆಕ್ಕ ತಪ್ಪಿಹೋಯಿತು, ರಂಗೋಲಿ ಸೊಟ್ಟಗಾಯಿತು. ಬೈದಿದ್ದರೆ ಎಷ್ಟೋ ಸುಖವಿತ್ತು. ಎರಡು ಮಾತು ಬೈಸಿಕೊಂಡು, ಎರಡು ಮಾತು ಹೇಳಿ, ಮುಗಿಸಿಬಿಡಬಹುದಿತ್ತು.

ಕೊನೆಗೆ ಬಾಯಿಬಿಟ್ಟವನು ಅವರ ಮಗ. ಒಂದು ಗುರುವಾರ ಬೆಳಿಗ್ಗೆ ಹಾಲಿನವನ ಹತ್ತಿರ ಇಬ್ಬರೂ ಸಿಕ್ಕಾಗ, ತಾಯಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದ. "ಅಕ್ಕಾ, ತಪ್ಪು ತಿಳ್ಕೋಬೇಡಿ. ಭಾನುವಾರ ಮೇಸ್ತ್ರಿ ಬಂದು ಮುಂದಿನ ಗೋಡೆಗೆ ಗಿಲಾವು ಹಾಕಿ ಮುಗಿಸ್ತಾನೆ. ಆಮೇಲೆ ಬೇರೆ ಊರಿನ ಕೆಲಸಕ್ಕೆ ಹೋಗ್ತಾನೆ, ಮತ್ತೆ ಕೈಗೆ ಸಿಗಲ್ಲ. ಬಿಲ್ಲೆ ಬಂದ್ರೆ ಬಿಲ್ಲೆ, ಇಲ್ದಿದ್ರೆ ಇಟ್ಟಿಗೆ ಇಟ್ಟು ಮುಚ್ಚಿಬಿಡ್ತೀನಿ. ಮಳೆ ಬಂದ್ರೆ ಎರಚಲು ಹೊಡೀತದೆ. ಅಮ್ಮಿ ನಿಮ್ಮನ್ನ ಕೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದಾರೆ. ನಾನು ಕೇಳ್ತಿಲ್ಲ, ಸುಮ್ನೆ ಹೇಳ್ತಿದೀನಿ."

ಮನೆಗೆ ಬಂದವಳೇ ನಾದಿನಿಗೆ ಫೋನ್ ಮಾಡಿದೆ. ಆಕೆ ಸಂತೋಷದಿಂದಲೇ ಹೇಳಿದಳು. "ತಂಬಿಟ್ಟು ಮಾಡ್ದೆ ಅತ್ತಿಗೆ! ಬಸುರಿ ಮಗಳು ಕೇಳಿದ್ಲಲ್ಲ, ಮೊದ್ಲು ಅವಳಿಗೇ ಕೊರಟಗೆರೆಗೆ ಕಳಿಸ್ಬುಟ್ಟೆ. ಡಬರೀಲೇ. ನಿಮಗೆ ಇನ್ನೊಂದು ಸಲ ಮಾಡ್ತೀನಿ."

"ಮುಚ್ಚಳ?" ಎಂದೆ. ನೋಡಿ, ನನ್ನ ಬಾಯಲ್ಲೂ ಅದು ಮುಚ್ಚಳವೇ ಆಗಿಹೋಗಿತ್ತು.

"ಅದಿಲ್ದೆ ಹೆಂಗೆ?" ಎಂದಳು. ತಾಯಿಯ ಮಾತು, ಒಂದಕ್ಷರ ಬದಲಿಲ್ಲ.

ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತದೆ, "ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ, ಹೋಗಿ ಬಂದ್ಬಿಡು" ಎಂದರು. ಬಸ್ಸು ಫ್ರೀ ಆದ ದಿನದಿಂದ ನಮ್ಮ ಮನೆಯ ಗಂಡಸರು ಯಾವ ಕೆಲಸಕ್ಕೂ ಊರು ದಾಟಿಲ್ಲ. ಶುಕ್ರವಾರ ಆಧಾರ್ ಕಾರ್ಡ್ ಹಿಡಿದುಕೊಂಡು ಮಧುಗಿರಿಯಲ್ಲಿ ಬಸ್ಸು ಬದಲಿಸಿ ಕೊರಟಗೆರೆಗೆ ಹೋದೆ. ನಾದಿನಿಯ ಮಗಳು ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡಳು. ಅಡುಗೆಮನೆಗೆ ಹೋಗಿ ಸುತ್ತ ನೋಡಿದೆ. ಗ್ರಾನೈಟ್ ಕಟ್ಟೆ, ಮಿಕ್ಸಿ, ಫ್ರಿಡ್ಜು, ಎಲ್ಲವೂ ಇದ್ದವು.

"ಅಯ್ಯೋ ಅತ್ತೆಮ್ಮ, ಮೊನ್ನೆ ನಮ್ಮತ್ತೆ ನನ್ನ ನೋಡೋಕೆ ಬಂದಿದ್ರು. ಪಾವಗಡಕ್ಕೆ ವಾಪಸ್ ಹೋಗ್ತಾ ಬರಿಗೈಲಿ ಕಳಿಸೋದು ಹೆಂಗೆ ಅಂತ ಚಕ್ಕುಲಿ ತುಂಬಿ ಕೊಟ್ಬಿಟ್ಟೆ."

"ಆ ಡಬರೀಲೇ?"

"ಹೂಂ. ಮುಚ್ಚಳ ನೋಡಿ ನಮ್ಮತ್ತೆ ಎಷ್ಟು ಖುಷಿಪಟ್ರು ಗೊತ್ತಾ?"

ಬಸುರಿ ಹುಡುಗಿಯ ಮೇಲೆ ರೇಗುವ ಹಾಗಿಲ್ಲ. ಅವಳು ಕೊಟ್ಟ ಕಾಫಿ ಕುಡಿದು, ಅವಳ ಕಾಲಿನ ಬಾವು ನೋಡಿ ಉಪ್ಪು ಕಡಿಮೆ ಮಾಡು ಎಂದು ಹೇಳಿ, ಹಲ್ಲು ಕಚ್ಚಿಕೊಂಡು ಶಿರಾಕ್ಕೆ ಬಂದೆ.

ಶನಿವಾರ ಮತ್ತೆ ಹೊರಟೆ, ಪಾವಗಡಕ್ಕೆ. ಆ ಕಡೆ ಪ್ರೈವೇಟ್ ಬಸ್ಸುಗಳೇ ಹೆಚ್ಚು, ಅವರಿಗೆ ಆಧಾರ್ ತೋರಿಸಿದರೆ ನಗುತ್ತಾರೆ. ಆ ಹುಡುಗಿಯ ಅತ್ತೆ ನಮಗೆ ಬೀಗಿತ್ತಿ, ಆಕೆಯ ಊರು ನಿಡುಗಲ್ ಬೆಟ್ಟದ ಕಡೆ. ಬಸ್ಸು ಇಳಿದರೆ ಬಂಡೆಯ ಕಾವು ಸೀರೆಯ ನೆರಿಗೆಯೊಳಕ್ಕೇ ಹೊಗುತ್ತಿತ್ತು. ಬೀಗಿತ್ತಿ ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದವಳು ನನ್ನನ್ನು ಕಂಡು ಎದ್ದು ನಿಂತು, ತನ್ನ ತೆಲುಗು ಬೆರೆತ ಕನ್ನಡದಲ್ಲಿ ಕರೆದಳು.

"ಏಮಮ್ಮಾ ಬೀಗಿತ್ತಿ! ರಾ ರಾ! ಒಂದು ಫೋನು ಇಲ್ಲ, ಏನಿಲ್ಲ. ಎಲ್ರೂ ಬಾಗುಂಡಾರಾ?"

ಎಲ್ಲರೂ ಚೆನ್ನಾಗಿದ್ದಾರೆ ಎಂದು ಹೇಳಿ, ನೀರು ಕುಡಿದು, ವಿಷಯಕ್ಕೆ ಬಂದೆ. ಆಕೆ ನನ್ನನ್ನು ಒಳಗೆ ಕರೆದುಕೊಂಡು ಹೋದಳು. ದೇವರ ಗೂಡಿನಲ್ಲಿ, ತಿರುಪತಿ ವೆಂಕಟರಮಣನ ಪಟದ ಪಕ್ಕದಲ್ಲಿ, ನಾನಿಯ ಸವಾರ ಗೋಡೆಗೆ ಒರಗಿ ನಿಂತಿದ್ದ. ಕುದುರೆಯ ಹಣೆಗೆ ಅರಿಶಿನ, ಕುಂಕುಮ. ಮುಂದೆ ಒಂದು ದಾಸವಾಳ.

"ಯಾವ ದೇವ್ರೋ ನಂಗ್ ತೆಲೀದಮ್ಮ. ಕುದುರೆ ಮೇಲೆ ಕೂತವ್ನೆ, ಚಕ್ಕುಲಿ ಮೇಲೆ ಮುಚ್ಚಿಡಾಕೆ ಮನ್ಸು ಬರ್ಲಿಲ್ಲ" ಎಂದಳು.

ನಾಲ್ಕು ತಾಲ್ಲೂಕಿನಲ್ಲಿ ಅದು ಮುಚ್ಚಳ ಅಲ್ಲ ಎಂದು ಯಾರಾದರೂ ಒಬ್ಬರು ಕಂಡುಕೊಂಡರಲ್ಲ ಎಂದು ಸಂತೋಷಪಡಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ನಮ್ಮೆದುರು ಮನೆಯ ಸಾಬರ ಬಾಗಿಲದ್ದು, ನಾಳೆ ಗೋಡೆಗೆ ಕೂರಬೇಕು, ಇವತ್ತೇ ಒಯ್ಯುತ್ತೇನೆ ಎಂದು ವಿವರಿಸಿದೆ. ಆಕೆ ಒಂದು ಗಳಿಗೆ ಸವಾರನನ್ನು ನೋಡಿ, ಕೆನ್ನೆ ಕೆನ್ನೆ ಮುಟ್ಟಿಕೊಂಡು, "ಅವ್ರ ಮನೆ ಬಾಗ್ಲು ಕಾಯೋನಾ? ಹಂಗಾದ್ರೆ ಕಳಿಸ್ಲೇಬೇಕು" ಎಂದು ಬಿಲ್ಲೆಯನ್ನು ತೆಗೆದು ನನ್ನ ಕೈಗಿಟ್ಟಳು. ನಾನು ಡಬರಿಗೂ ಕೈಚಾಚಿದೆ. ಆಕೆ ಡಬರಿಯನ್ನು ಎದೆಗವಚಿಕೊಂಡಳು.

"ಖಾಲಿ ಗಿನ್ನೆ ಕೊಡ್ತಾರಾ ಯಾರನ್ನಾ? ಕೂಚೋಮ್ಮ, ಕೂತ್ಕೋ. ಕಡ್ಲೆಕಾಯಿ ಒಬ್ಬಟ್ಟು, ಇಂಗಂದ್ರೆ ಇಂಗೆ ಆಗ್ತದೆ."

"ಡಬರಿ ಇಲ್ಲೇ ಇರಲಿ ಬೀಗಿತ್ತಿ, ಬಿಲ್ಲೆ ಒಂದು ಕೊಟ್ರೆ ಸಾಕು, ಬಸ್ಸಿದೆ."

"ಬರೀ ಮುಚ್ಚಳ ತಗೊಂಡು ಹೋಗ್ತಾರಾ? ಸೊಸೆ ಕಡೆಯೋರು ನನ್ನ ಆಡ್ಕೊಳಲ್ವಾ?"

ಮತ್ತೆ ಮುಚ್ಚಳ! ಸೆರಗು ಸಿಕ್ಕಿಸಿಕೊಂಡು ನಾನೇ ಕೂತು ಕಡಲೆಕಾಯಿ ಬಿಡಿಸಿದೆ. ಹುರಿದದ್ದರ ಸಿಪ್ಪೆಯನ್ನು ನಾನೇ ಉಜ್ಜಿ ಊದಿದೆ. ಬೆಲ್ಲ ಜಜ್ಜಿದೆ. ಬೀಗಿತ್ತಿ ಕಣಕ ನಾದುತ್ತ ತನ್ನ ಸೊಸೆಯ ಸೀಮಂತದ ವಿಚಾರ ಮಾತಾಡಿದಳು. ನಾನು ಹೂಂ ಎನ್ನುತ್ತ ಬಾಗಿಲ ಕಡೆ ನೋಡುತ್ತಿದ್ದೆ. ಮಧ್ಯಾಹ್ನದ ಬಸ್ಸು ಹಾರನ್ನು ಹೊಡೆದು ಹೋಯಿತು. ಅದರ ನಂತರದ ಬಸ್ಸು ಹತ್ತಿ ಕೂತಾಗ ಡಬರಿ ಬಿಸಿಯಾಗಿತ್ತು, ಅದರ ಮೇಲೆ ಬಿಲ್ಲೆ ಬಿಸಿಯಾಗಿತ್ತು, ತೊಡೆಯ ಮೇಲೆ ಇಟ್ಟುಕೊಂಡ ನಾನು ಇನ್ನೂ ಬಿಸಿಯಾಗಿದ್ದೆ.

"ಏನಮ್ಮ ಅದು, ಗ್ರಾನೈಟಾ? ಲಗೇಜು ಹಾಕ್ಬೇಕಾಗ್ತದೆ" ಎಂದ ಕಂಡಕ್ಟರ್.

"ಮುಚ್ಚಳ ಕಣಪ್ಪ" ಎಂದೆ. ವಿವರಿಸುವ ಚೈತನ್ಯ ಉಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬೀದಿ ದಾಟಿದಾಗ ಮೇಸ್ತ್ರಿ ಸಿಮೆಂಟು ಕಲಸುತ್ತಿದ್ದ. ನಾನಿಯ ಮಗನ ಕೈಯಲ್ಲಿ ಇಟ್ಟಿಗೆ. ಕಿಂಡಿಯಲ್ಲಿ ಕನ್ನಡಕ ಇರಲಿಲ್ಲ. ಒಳಗೆ ಹೋದೆ. ನಾನಿ ಕಿಂಡಿಗೆ ಬೆನ್ನು ಮಾಡಿ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಟವಲಿನ ಗಂಟು ಬಿಚ್ಚಿ ಡಬರಿಯನ್ನು ಅವರ ಮುಂದಿಟ್ಟೆ. ಅವರು ಒಬ್ಬಟ್ಟು ನೋಡಲಿಲ್ಲ. ಬಿಲ್ಲೆಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಕುದುರೆಯ ಕತ್ತಿನ ಮೇಲೆ ಹೆಬ್ಬೆರಳು ಆಡಿಸಿದರು. ಬಿರುಕುಗಳಲ್ಲೆಲ್ಲ ಅರಿಶಿನ ಇಳಿದಿತ್ತು. ರಾತ್ರಿ ನಾನು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಹೇಗೆ ಹೇಳುವುದೆಂದು ನಾನು ಬಾಯಿ ತೆರೆಯುವುದರೊಳಗೆ ಅವರೇ ನಕ್ಕರು.

"ಅರೆ, ನಮ್ಮವನಿಗೆ ಹಲ್ದಿ ಶಾಸ್ತ್ರ ಮಾಡಿ ಕಳಿಸಿದಾರಲ್ಲೇ! ಮದುಮಗ ಆಗ್ಬಿಟ್ಟಿದಾನೆ."

ಕಣ್ಣು ಒರೆಸಿಕೊಂಡರು. ನನಗೂ ಒಂದು ಥರ ಆಯಿತು. ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ನಾನಿ ಒಬ್ಬಟ್ಟನ್ನು ತಟ್ಟೆಗೆ ಸುರಿದುಕೊಂಡು ಸೊಸೆಯನ್ನು ಕೂಗಿದರು. "ಬೇಟಿ ಊರೂರು ಸುತ್ತಿ ಬಂದಿದಾಳೆ, ಖಾಲಿ ಕೈಲಿ ಕಳಿಸ್ತೀಯಾ? ಗೋಧಿ ಹಲ್ವಾ ತಾ." ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಡಬರಿಯ ತುಂಬ ಹಲ್ವಾ ಬಿತ್ತು. ನಾನಿ ಯಾವ ಯೋಚನೆಯೂ ಇಲ್ಲದೆ, ದಿನಾ ಮಾಡುವ ಹಾಗೆ, ಮಡಿಲಿನಲ್ಲಿದ್ದ ಬಿಲ್ಲೆಯನ್ನು ಎತ್ತಿ ಅದರ ಮೇಲೆ ಮುಚ್ಚಿ ನನ್ನ ಕಡೆ ತಳ್ಳಿದರು.

ಹೊರಗಿನಿಂದ ಮೇಸ್ತ್ರಿ ಕೂಗಿದ. "ಏನ್ ಸಾಹೇಬ್ರೆ, ಇಟ್ಟಿಗೇನಾ? ಕಲಸಿದ್ದು ಗಟ್ಟಿಯಾಗ್ತೈತೆ!"

ನಾನು ಬಿಲ್ಲೆಯನ್ನು ಕಿತ್ತುಕೊಂಡೆ. ಕಿತ್ತುಕೊಂಡೆ ಎಂದೇ ಹೇಳಬೇಕು, ಬೇರೆ ಮಾತಿಲ್ಲ.

"ಅಯ್ಯೋ, ಬೆಕ್ಕು ಬಾಯಿ ಹಾಕ್ತದೆ ಬೇಟಿ!"

"ಹಾಕ್ಲಿ ನಾನಿ! ಬೀದೀಲಿರೋ ಬೆಕ್ಕೆಲ್ಲ ಬಂದು ಬಾಯಿ ಹಾಕ್ಲಿ!"

ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಎದುರು ನಮ್ಮ ಮನೆಯ ಬಾಗಿಲಿಗೆ ಅತ್ತೆ ಬಂದು ನಿಂತರು. ನಾನಿಯ ಮಗ ಇಟ್ಟಿಗೆ ಕೆಳಗಿಟ್ಟ. ನಾನು ಬಿಲ್ಲೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟು, ಅವನು ಕಿಂಡಿಯ ಅಂಚಿಗೆಲ್ಲ ಗಾರೆ ಮೆತ್ತಿ, ಅದನ್ನು ಒತ್ತಿ ಕೂರಿಸಿ, ಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟುವ ತನಕ ಅಲ್ಲಿಂದ ಕದಲಲಿಲ್ಲ. ನಾನಿ ದುಪಟ್ಟಾ ಎಳೆದುಕೊಂಡು ಬೀದಿಗೆ ಬಂದರು. ಹಿಂದಕ್ಕೆ ಹಿಂದಕ್ಕೆ ನಡೆದು ನಮ್ಮ ರಂಗೋಲಿಯ ಮೇಲೇ ನಿಂತು, ತಲೆ ಓರೆ ಮಾಡಿ ನೋಡಿದರು.

"ಬಲಗಡೆ ಸ್ವಲ್ಪ ಎತ್ತು ಬೇಟಾ. ಕುದುರೆ ಇಳಿಜಾರಿಗೆ ಹೋಗ್ತಿದೆ."

ಮೇಸ್ತ್ರಿ ಎತ್ತಿದ. ನಾನಿ ಮುಂದೆ ಹೋಗಿ, ದುಪಟ್ಟಾದ ತುದಿಯಿಂದ ಸವಾರನ ಮುಖದ ಸಿಮೆಂಟು ಒರೆಸಿ, ಬಲಗಾಲಿಟ್ಟು ಹೊಸಿಲು ದಾಟಿ ಒಳಗೆ ಹೋದರು. ನಾನು ತೆರೆದ ಡಬರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೀದಿ ದಾಟಿದೆ. ಹಿಂದೆಯೇ ಒಂದು ಬೆಕ್ಕು ಬಂತು.

ಹಲ್ವಾ ಮುಗಿಯಿತು. ಡಬರಿ ತೊಳೆದು ಅಟ್ಟಣಿಗೆಯ ಮೇಲಿದೆ. "ಏನಾರ ಮಾಡಿ ತುಂಬಿ ಕೊಡಮ್ಮ, ನಾಳೆ ಮಧ್ಯಾಹ್ನದ ಬಸ್ಸಿಗೆ ನನ್ನ ಮಗ್ಳು ಬರ್ತಾಳೆ" ಎಂದು ಅತ್ತೆ ಹೇಳಿದ್ದಾರೆ. ಹೆಸರುಬೇಳೆ ತೊಳೆದಿಟ್ಟಿದ್ದೇನೆ. ಬೆಳಿಗ್ಗೆ ಎದ್ದವಳೇ ಪಾಯಸ ಮಾಡಿ, ಆ ಬಸ್ಸು ಬರುವುದರೊಳಗೆ ಎದುರು ಮನೆಗೆ ಕೊಟ್ಟುಬಿಡುತ್ತೇನೆ.